ನೀನು ಕೊಟ್ಟ ರಕ್ತ

ಹೇಳದೆ ಕೇಳದೆ ಹೊರಟುಹೋದ ನನ್ನ ತಮ್ಮ ನೈಂಡೊನಿಗೆ,

ಗೆಣಸಿನ ಲಾರಿಯ ಅಲಾಸಾನ್ ನಿನ್ನನ್ನು ಕುಮಾಸಿ ಪಟ್ಟಣದ ಸಂತೆಯಲ್ಲಿ ಕಂಡನಂತೆ. "ಮೂಟೆ ಹೊರ್ತಾ ಇದ್ದಾನೆ ಕಣಕ್ಕ. ಕಲ್ಲುಗುಂಡಿನ ಹಾಗಿದ್ದಾನೆ, ಒಂದು ಸೀನೂ ಇಲ್ಲ" ಎಂದ. ಕೇಳಿದವಳೇ ಈ ಕಾಗದ ಬರೆಯಲು ಕೂತೆ. ಒಂದು ಸೀನೂ ಇಲ್ಲದವನು ಆಸ್ಪತ್ರೆಗೆ ಹೋಗಿರಲಾರೆ, ಮಾತ್ರೆಯನ್ನೂ ನುಂಗಿರಲಾರೆ.

ಮಗಳು ಹುಟ್ಟಿದ ದಿನ ನನ್ನ ರಕ್ತವೆಲ್ಲ ಬಸಿದುಹೋಗುತ್ತಿತ್ತು. ಆಸ್ಪತ್ರೆಯಲ್ಲಿ ರಕ್ತವಿರಲಿಲ್ಲ, ಗಂಡನದು ಹೊಂದಲಿಲ್ಲ. ನೀನು ಹೊಲದಿಂದ ಮಣ್ಣುಗಾಲಲ್ಲೇ ಓಡಿಬಂದು ತೋಳು ಚಾಚಿದೆ. "ಎಷ್ಟು ಬೇಕೋ ತಗೊಳ್ಳಿ ಡಾಕ್ಟ್ರೇ, ನಮ್ಮಕ್ಕನ್ನ ಮಾತ್ರ ಬಿಡಬೇಡಿ" ಎಂದ ನಿನ್ನ ದನಿ ನನಗೆ ಎಲ್ಲೋ ದೂರದಿಂದ ಕೇಳಿಸಿತು.

ಕುರಿ ಕೊಯ್ದು ಮಗುವಿಗೆ ಹೆಸರಿಟ್ಟು ವಾರ ಕಳೆದಿರಲಿಲ್ಲ, ಚಳಿಜ್ವರ ಬಂತು. ಮಗುವನ್ನು ಎದೆಗೆ ಹಿಡಿಯಲಾರದಷ್ಟು ನಡುಕ. ಮಲೇರಿಯಾ ಎಂದರು. ಡಾಕ್ಟರು ನಿನ್ನ ಬೆರಳನ್ನೂ ಚುಚ್ಚಿ ನೋಡಿದರು. ನಿನ್ನಲ್ಲೂ ಅದೇ ಇತ್ತು; ರಕ್ತದ ಜೊತೆಗೇ ನನಗೆ ಬಂದಿರಬೇಕು ಎಂದರು. "ನಂಗೆ ಜ್ವರಾನೇ ಬಂದಿಲ್ವಲ್ಲ!" ಎಂದು ನೀನು ಕೂಗಿದೆ. ಬಾಗಿಲಲ್ಲಿ ನಿಂತಿದ್ದ ನನ್ನ ಅತ್ತೆ, "ರಕ್ತ ಕೊಟ್ಟೆಯೇನೋ, ವಿಷ ಕೊಟ್ಟೆಯೇನೋ?" ಎಂದುಬಿಟ್ಟರು. ಕೊಟ್ಟ ಮಾತ್ರೆಯನ್ನೂ ಮುಟ್ಟದೆ ನೀನು ಹೋದೆ. ನಿಲ್ಲು ಎನ್ನಲು ನನಗೆ ಉಸಿರಿರಲಿಲ್ಲ.

ಆಮೇಲೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಜ್ವರ ನನ್ನ ರಕ್ತವನ್ನು ಮತ್ತೆ ತಿಂದುಹಾಕಿತ್ತು. ಇನ್ನೊಂದು ಬಾಟಲಿ ಬೇಕೆಂದಾಗ ಗಂಡನ ಕಡೆಯ ಗಟ್ಟಿಯಾಳುಗಳೆಲ್ಲ ನಗುತ್ತ ಬಂದರು. ಈ ಸಲ ಮೊದಲೇ ಪರೀಕ್ಷೆ ಮಾಡಿದರು. ಹೆಚ್ಚಿನವರಲ್ಲಿ ಅದೇ ಇತ್ತು, ನೈಂಡೊ! "ನನ್ನ ಕಂಡ್ರೆ ಜ್ವರವೇ ಹೆದರಿ ಓಡತ್ತೆ, ನೋಡ್ಕೊಳ್ಳಿ" ಎಂದು ಅತ್ತೆಯೂ ಬೆರಳೊಡ್ಡಿದರು. ಅವರಲ್ಲೂ ಇತ್ತು. ಚುಚ್ಚಿದ ಬೆರಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಹೋಗಿ ಕೂತರು. ಚಿಕ್ಕಂದಿನಿಂದ ಸೊಳ್ಳೆ ಕಚ್ಚಿ ಕಚ್ಚಿ ನಮ್ಮ ಮೈ ಅದಕ್ಕೆ ಒಗ್ಗಿಹೋಗಿದೆಯಂತೆ, ಒಳಗಿದ್ದರೂ ಜ್ವರ ಬರುವುದಿಲ್ಲವಂತೆ; ಹೆತ್ತು ಸೊರಗಿದ ನನ್ನ ಮೈ ಮಾತ್ರ ತಡೆಯಲಿಲ್ಲ. "ಜ್ವರ ಬಂದೋರು ತಾವಾಗೇ ಬರ್ತಾರೆ. ಹೀಗೆ ನಗ್ತಾ ಓಡಾಡೋರನ್ನ ಎಲ್ಲಿ ಹುಡುಕ್ಲಮ್ಮ? ಇವರನ್ನ ಕಚ್ಚಿದ ಸೊಳ್ಳೆ ನಾಳೆ ಒಂದು ಕೂಸನ್ನ ಕಚ್ಚುತ್ತೆ" ಎಂದರು ಡಾಕ್ಟರು. ಕೊನೆಗೆ ಶಾಲೆಯ ಮೇಷ್ಟ್ರೊಬ್ಬರ ರಕ್ತ ನನಗೆ ಸರಿಹೋಯಿತು.

ಮಳೆ ಹಿಡಿಯುವ ಮೊದಲೇ ನರ್ಸುಗಳು ಬಂದು ಊರಿಗೆಲ್ಲ ಮಾತ್ರೆ ಹಂಚಿದರು. "ಬಾಯಿ ತೆಗಿ, ನುಂಗಿದ್ದು ತೋರ್ಸು" ಎಂದು ಗದರಿಸಿ ನುಂಗಿಸಿದವರು ಯಾರು ಗೊತ್ತೇ? ಅತ್ತೆಯೇ. ನಮ್ಮಲ್ಲಿ ಮಾತ್ರೆ ನುಂಗದೆ ಉಳಿದವನು ನೀನೊಬ್ಬ. ಅಲ್ಲಿ ಸಂಸಾರಗಳ ನಡುವೆ ಮಲಗುತ್ತೀಯಂತೆ. ಅವರಲ್ಲಿ ಯಾರು ಬಸುರಿಯೋ, ಯಾರ ಮಡಿಲಲ್ಲಿ ಕೂಸಿದೆಯೋ! ನಿನ್ನ ಪಾಲಿನ ಮಾತ್ರೆಯನ್ನು ಅಲಾಸಾನ್ ಕೈಲಿ ಕಳಿಸಿದ್ದೇನೆ. ನನ್ನ ಮೇಲಿನ ಆಣೆ, ಅವನ ಮುಂದೆಯೇ ನುಂಗು.

ನನ್ನನ್ನು ಕೊಲ್ಲಹೊರಟವನು ನೀನೆಂದು ಕೊರಗುತ್ತಿದ್ದೀಯಾ? ಹುಚ್ಚಪ್ಪ, ಆ ಜ್ವರ ಬರುವುದಕ್ಕಾದರೂ ನಾನು ಬದುಕಿರಬೇಕಿತ್ತಲ್ಲ! ಬದುಕಿಸಿದವನು ನೀನು. "ನಾನೇನೂ ಕ್ಷಮೆ ಕೇಳೋಳಲ್ಲ, ಬಂದ್ರೆ ಕಡಲೆಕಾಯಿ ಸಾರು ಮಾಡಿಕ್ತೀನಿ ಅಂತ ಬರಿ" ಎನ್ನುತ್ತ ಅತ್ತೆ ಪಕ್ಕದಲ್ಲೇ ಕೂತಿದ್ದಾರೆ.

ದೇವರು ನಿನ್ನ ತೋಳಿಗೆ ಬಲ ಕೊಡಲಿ, ಕಾಲಿಗೆ ಮನೆಯ ದಾರಿ ತೋರಲಿ.

ನಿನ್ನಿಂದಾಗಿ ಉಸಿರಾಡುತ್ತಿರುವ ಅಕ್ಕ,
ಸನಾತು