ನಲವತ್ತೊಂದನೇ ಡಬ್ಬಿಯ ಟೇಪು

ಮಾರ್ಚ್ 4, ಮಂಗಳವಾರ, ಮಧ್ಯಾಹ್ನ

ನನ್ನ ಪಾಲಿನ ಇಪ್ಪತ್ತಮೂರು ಮನೆ, ಇಪ್ಪತ್ತಮೂರು ಡಬ್ಬಿ. ಎಲ್ಲ ತಣ್ಣಗೆ ಲ್ಯಾಬಿಗೆ ಮುಟ್ಟಿದವು. ಐಸ್ ಪೆಟ್ಟಿಗೆಯ ಥರ್ಮಾಮೀಟರ್ ಮೂರು ಡಿಗ್ರಿ ತೋರಿಸಿತು. ನಂಬಿಕೆ ಬಾರದೆ ಮತ್ತೆ ನೋಡಿದೆ. ಮೂರೇ. ಇದು ಆರನೇ ವಾರ. ನನ್ನ ಕೈಯಲ್ಲಿ ಇದುವರೆಗೆ ಒಂದು ಸ್ಯಾಂಪಲ್ಲೂ ಕೆಟ್ಟಿಲ್ಲ. ಬರೆದಿಡುತ್ತೇನೆ — ಯಾರೂ ಓದದಿದ್ದರೂ.

ನಲವತ್ತೊಂದನೇ ನಂಬರ್ ಮಾತ್ರ ಸತಾಯಿಸಿತು. ಟೈಲರ್ ತಾತನ ಡಬ್ಬಿ ಅದು. ಪ್ರತಿ ವಾರ ಚೀಲದ ಟೇಪಿನ ತುದಿಯನ್ನು ಬಟ್ಟೆಯ ಅಂಚಿನ ಹಾಗೆ ಒಳಕ್ಕೆ ಮಡಚಿರುತ್ತಾರೆ. ಎಳೆದರೆ ಬರುತ್ತದೆ. ಈ ಸಲ ಮಡಚಿರಲಿಲ್ಲ. ಬಿಚ್ಚಿ ನಂಬರ್ ಚೀಟಿ ಅಂಟಿಸುವಷ್ಟರಲ್ಲಿ ಉಗುರು ಕಿತ್ತುಬಂತು.

ಊಟಕ್ಕೆ ಕೂತಾಗ ಭಾವನದು ಅದೇ ತಮಾಷೆ. ಊರಿನವರ ಹೊಟ್ಟೆಯಿಂದ ಬಿದ್ದದ್ದನ್ನು ಹೊತ್ತು ತಿರುಗುವ ಕೆಲಸಕ್ಕೆ ಇಷ್ಟು ಜಂಬವೇ ಅಂತ. ಜಂಬವೇ. ಆರನೇ ಕ್ಲಾಸಿಗೆ ಬಿಟ್ಟವಳ ಕೈಗೆ ಡಾಕ್ಟರ್ ಲ್ಯಾಬಿನ ಬೀಗದ ಕೈ ಕೊಟ್ಟಿದ್ದಾರೆ. ಹೊಟ್ಟೆಯೊಳಗೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ, ನಾರಿನ ಪುಡಿ ತಿಂದರೆ ಅವು ಬದಲಾಗಿ ಸಕ್ಕರೆ ಕಾಯಿಲೆ ತಗ್ಗುತ್ತದೆಯೇ ಅಂತ ನೋಡುತ್ತಿದ್ದಾರೆ, ಹನ್ನೆರಡು ವಾರದ ಕೆಲಸ — ಎಲ್ಲ ಬಿಡಿಸಿ ಹೇಳಿದೆ. ಭಾವ ತಟ್ಟೆ ಎತ್ತಿಕೊಂಡು ಹಜಾರಕ್ಕೆ ಹೋದರು.

ಮಾರ್ಚ್ 11

ನಲವತ್ತೊಂದರ ಟೇಪು ಮತ್ತೆ ಮಡಚಿಲ್ಲ. ತಾತನ ಕೈ ನಡುಗುತ್ತಿದೆಯೋ ಏನೋ. ಕೇಳೋಣವೆಂದರೆ ಅಜ್ಜಿ ಬಂದು ಚೀಲ ಕೊಟ್ಟು ಕದ ಹಾಕಿಕೊಂಡರು. ನನ್ನ ಮೇಲೆ ಕೋಪವೇ? ಏನು ಅಂದೆ ನಾನು…

ಮಾರ್ಚ್ 18

ಟೇಪು ಮಡಚಿತ್ತು. ಸದ್ಯ. ಕೋಪವಿಲ್ಲ.

ಏಪ್ರಿಲ್ 9, ಬುಧವಾರ

ಡಾಕ್ಟರ್ ಕರೆದು ಕಂಪ್ಯೂಟರ್ ತೋರಿಸಿದರು. ಒಬ್ಬೊಬ್ಬರಿಗೂ ಒಂದು ಸಾಲು ಬಣ್ಣದ ಪಟ್ಟೆ. ಒಂದೊಂದು ಬಣ್ಣ ಒಂದೊಂದು ಬಗೆಯ ಸೂಕ್ಷ್ಮಜೀವಿ. ಒಂದೇ ಮನೆಯವರದ್ದೂ ಒಂದೇ ಥರ ಇರುವುದಿಲ್ಲವಂತೆ. ನಲವತ್ತೊಂದು ಮಾತ್ರ ಆರನೇ ವಾರ ಪೂರ್ತಿ ಬದಲು. ಏಳನೇ ವಾರವೂ. ಎಂಟಕ್ಕೆ ಮೊದಲಿನ ಹಾಗೆ. ಪುಡಿ ಕೆಲಸ ಮಾಡಿದೆ ಅಂತ ಅವರ ಮುಖ ಅರಳಿತ್ತು. ಇಪ್ಪತ್ತೆರಡಕ್ಕೆ ದೊಡ್ಡ ಸಭೆ, ಅಲ್ಲಿ ಇದನ್ನೇ ತೋರಿಸುತ್ತಾರಂತೆ. ನಿಮ್ಮ ಐಸ್ ಪೆಟ್ಟಿಗೆಯಿಂದ ಆಗಿದ್ದು ಇದು ಅಂದರು. ಕಾಲು ನೆಲದ ಮೇಲಿರಲಿಲ್ಲ ನನಗೆ.

ಅದೇ ದಿನ, ಸಂಜೆ

ಆರು, ಏಳು. ಆರು, ಏಳು. ಎಲ್ಲೋ ಏನೋ ಕೊರೆಯುತ್ತಿತ್ತು. ಈ ಪುಸ್ತಕದ ಹಿಂದಿನ ಹಾಳೆ ತಿರುವಿದೆ.

ಟೇಪು.

ಆ ಎರಡು ವಾರವೇ ಮಡಚಿರಲಿಲ್ಲ.

ಏಪ್ರಿಲ್ 10

ಟೈಲರ್ ತಾತನ ಮನೆಗೆ ಹೋದೆ. ಅಜ್ಜಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಆ ಎರಡು ವಾರ ಚೀಲ ಕಟ್ಟಿದ್ದು ಯಾರು ಅಂತ ಕೇಳಿದೆ. ಅಜ್ಜಿ ಬಾಯಲ್ಲಿದ್ದ ಕ್ಲಿಪ್ಪನ್ನು ತಂತಿಯ ಮೇಲಿನ ಸೀರೆಗೆ ಸಿಕ್ಕಿಸಿದರು.

"ಅವ್ರಿಗೆ ಹೊಟ್ಟೆ ಕಟ್ಟಿತ್ತು ಕಣಮ್ಮ. ಮಂಗಳವಾರ ಬಂತು ಅಂದ್ರೆ ಮುಖ ಸಪ್ಪಗೆ ಮಾಡ್ಕೊಂಡು ಕೂತಿರೋರು. ಖಾಲಿ ಡಬ್ಬಿ ಕೊಟ್ರೆ ಹೆಸರು ಹೊಡೆದುಹಾಕ್ತಾರೆ ಅಂತ ನೀನೇ ಅಲ್ವಾ ಹೇಳಿದ್ದು? ಐವತ್ತು ವರ್ಷ ಒಂದೇ ಅಡುಗೆ ಉಂಡಿದೀವಿ. ನಂದಾದ್ರೇನು, ಅವರದ್ದಾದ್ರೇನು?"

ನಾನೇ ಹೇಳಿದ್ದು. ಡಾಕ್ಟರ್ ಹಾಗೆ ಹೇಳಿಯೇ ಇರಲಿಲ್ಲ. ಖಾಲಿ ಡಬ್ಬಿ ಒಯ್ದರೆ ನನ್ನ ಕೆಲಸಕ್ಕೆ ಕುತ್ತು ಬರುತ್ತದೆ ಅಂತ ಹೆದರಿ ನಾನೇ ಹುಟ್ಟಿಸಿದ ಮಾತು.

ಏಪ್ರಿಲ್ 11

ಜ್ವರ ಅಂತ ಅಕ್ಕನ ಕೈಲಿ ಫೋನ್ ಮಾಡಿಸಿದೆ. ಜ್ವರ ಇಲ್ಲ.

ಏಪ್ರಿಲ್ 14

ಹೇಳಿದೆ. ಬಾಗಿಲಲ್ಲಿ ನಿಂತೇ, ಒಂದೇ ಉಸಿರಿಗೆ. ಡಾಕ್ಟರ್ ಕನ್ನಡಕ ತೆಗೆದಿಟ್ಟರು. ಖಾಲಿ ಬಂದರೆ ಅದೂ ಒಂದು ಉತ್ತರವೇ ಅಂತ ಮೊದಲ ದಿನವೇ ಹೇಳಿದ್ದೆನಲ್ಲ ಅಂದರು. ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು.

"ಇದನ್ನ ಎಷ್ಟು ಮನೇಲಿ ಹೇಳಿದ್ರಿ?"

"ಎಲ್ಲ ಮನೇಲೂ."

ಯಾವ ಡಬ್ಬಿ ಯಾರದ್ದು ಅಂತ ಖಾತ್ರಿಯಾಗದಿದ್ದರೆ ನನ್ನ ಇಪ್ಪತ್ತಮೂರು ಮನೆಯವೂ ಹೋದವು. ಮೂರು ತಿಂಗಳು ಕಸಕ್ಕೆ. ಡಾಕ್ಟರ್ ತಾವೇ ಎಲ್ಲರಿಗೂ ಫೋನ್ ಮಾಡಲು ಹೊರಟರು.

"ನಿಮಗೆ ಹೇಳಲ್ಲ ಮೇಡಂ ಅವ್ರು. ನಂಗೆ ಹೇಳ್ತಾರೆ."

ಎಲ್ಲಿಂದ ಬಂತೋ ಆ ಧೈರ್ಯ.

ಏಪ್ರಿಲ್ 17

ಇಪ್ಪತ್ತಮೂರು ಮನೆಯೂ ಮುಗಿಯಿತು. ಪ್ರತಿ ಬಾಗಿಲಲ್ಲೂ ಮೊದಲು ನನ್ನ ತಪ್ಪು ಹೇಳಿಕೊಂಡೆ. ಆಮೇಲೆ ಅವರದ್ದು ತಾನಾಗಿ ಬಂತು. ತಾತನವು ಬಿಟ್ಟರೆ ಇನ್ನೆರಡು ಡಬ್ಬಿ. ರಿಟೈರ್ಡ್ ಟೀಚರ್ ಒಂದು ಸಲ ತಂಗಿಯದ್ದು ಕೊಟ್ಟಿದ್ದರು. ಲಾರಿ ಡ್ರೈವರ್ ಅಣ್ಣ ಒಂದು ವಾರದ್ದನ್ನೇ ಎರಡು ಪಾಲು ಮಾಡಿ ಅರ್ಧ ಮುಂದಿನ ವಾರಕ್ಕೆಂದು ಫ್ರಿಜ್ಜಿನಲ್ಲಿಟ್ಟಿದ್ದರಂತೆ. ಹೆಂಡತಿಗೆ ಮಾತ್ರ ಹೇಳಬೇಡಮ್ಮ ಅಂತ ಕೈ ಮುಗಿದರು.

ಅದೊಂದು ಕಂಪ್ಯೂಟರಿಗೂ ಗೊತ್ತಾಗುತ್ತಿರಲಿಲ್ಲವಂತೆ — ಪಟ್ಟೆ ಅವರದ್ದೇ ತಾನೆ. ಡಾಕ್ಟರ್ ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಇನ್ನೂರ ಎಪ್ಪತ್ತಾರು ಡಬ್ಬಿಗಳಲ್ಲಿ ನಾಲ್ಕು ಹೋದವು. ಮಿಕ್ಕಿದ್ದೆಲ್ಲ ಉಳಿಯಿತು. ನಲವತ್ತೊಂದರ ದೊಡ್ಡ ಜಿಗಿತ ಇಲ್ಲ ಈಗ. ಹತ್ತು ಜನರಲ್ಲಿ ಚಿಕ್ಕ ಬದಲಾವಣೆ ಇದೆ. ಚಿಕ್ಕದಾದರೂ ನಿಜದ್ದು ಅಂದರು.

ಏಪ್ರಿಲ್ 19

ಮುಂದಿನ ತಂಡಕ್ಕೆ ಹೊಸ ಫಾರಂ. ಖಾಲಿ ಡಬ್ಬಿಗೆ ಏನು ಬರೆಯಬೇಕು, ನೀವೇ ಹೇಳಿ ಅಂದಿದ್ದರು ಡಾಕ್ಟರ್. ಹೇಳಿದ ಹಾಗೇ ಅಚ್ಚಾಗಿದೆ — "ಈ ವಾರ ಆಗಲಿಲ್ಲ. ಪರವಾಗಿಲ್ಲ." ಪಕ್ಕದಲ್ಲಿ ಗುರುತು ಹಾಕಲು ಚೌಕ.

ಭಾವ ಓದಿದರು. ತಮಾಷೆ ಮಾಡಲಿಲ್ಲ. ಇನ್ನೊಂದು ಸಲ ಓದಿದರು.

"ಪರವಾಗಿಲ್ಲ ಅನ್ನೋದೂ ನಿಂದೇನಾ?"

ನಂದೇ.

ಏಪ್ರಿಲ್ 22, ಬೆಳಿಗ್ಗೆ 10:40

ಸಭೆಯ ಬಾಗಿಲ ಹೊರಗಿನ ಬೆಂಚು. ಟೇಪಿನ ಕಥೆ ನೀವೇ ಹೇಳಿ ಅಂದಿದ್ದಾರೆ ಡಾಕ್ಟರ್. ಒಳಗೆ ನೂರು ಜನ, ಎಲ್ಲ ಓದಿದವರು. ಅಕ್ಕ ಇಸ್ತ್ರಿ ಮಾಡಿಕೊಟ್ಟ ಸೀರೆ ಆಗಲೇ ಮುದುಡಿದೆ. ಚೀಟಿಯಲ್ಲಿ ಬರೆದುಕೊಂಡದ್ದು ಬೆವರಿಗೆ ಕಲೆಸಿಹೋಗಿದೆ. ಇಲ್ಲಿ ಮತ್ತೆ ಬರೆದುಕೊಳ್ಳುತ್ತೇನೆ. ಟೇಪು ಆಮೇಲೆ. ಪಟ್ಟೆ ಆಮೇಲೆ. ಮೊದಲು — ಖಾಲಿ ಡಬ್ಬಿ ಕೊಡಬೇಡಿ ಅಂತ ಹೆದರಿಸಿದವಳು ನಾನು. ಅದಾದ ಮೇಲೆ ಇಪ್ಪತ್ತಮೂರು ಬಾಗಿಲು ತಟ್ಟಿದವಳೂ

ಡಾಕ್ಟರ್ ಕೈ ಮಾಡಿ ಕರೆಯುತ್ತಿದ್ದಾರೆ