ಹನುಮಣ್ಣನವರ ಗದ್ದೆಯಲ್ಲಿ ಸಿಕ್ಕ ಬಟ್ಟೆಪಟ್ಟಿಗಳು

ಗಂಗಾವತಿ, ೯-೨-೧೯೪೧

ನವಲಿಯ ಚಾವಡಿಯ ಮುಂದೆ ನೆರೆದಿರುವ ಹಿರಿಯರೇ, ತಾಯಂದಿರೇ, ಗೋಡೆ ಏರಿ ಕೂತವರೇ!

ಮಾಸ್ತರರೇ, ದನಿ ಎತ್ತರಿಸಿ ಓದಿರಿ. ಹಿಂದೆ ನಿಂತ ಹೆಣ್ಣುಮಕ್ಕಳಿಗೂ ಕೇಳಬೇಕು. ಅಪ್ಪನ ನಾಟಕ ಕಂಪನಿಯಲ್ಲಿ ಕೀಚಕನಾಗಿ ನಿಮ್ಮೂರಲ್ಲಿ ಮೂರು ಸಲ ಸತ್ತ ವೆಂಕೋಬನೇ ನಾನು. ಈಗ ಮಣ್ಣಿನ ಪರೀಕ್ಷೆ ನನ್ನ ಕೆಲಸ.

ಹನುಮಣ್ಣನವರ ನೇಗಿಲಿಗೆ ಸಿಕ್ಕ ಬಟ್ಟೆಪಟ್ಟಿಗಳು ಮಾಟದವಲ್ಲ, ನನ್ನವು. ಕಣ್ಣಿಗೆ ಕಾಣದ ಜೀವಿಗಳು ಮಣ್ಣಿನಲ್ಲಿವೆ. ಅವು ಹತ್ತಿಬಟ್ಟೆಯನ್ನೂ ಭತ್ತದ ಕೂಳೆಯನ್ನೂ ತಿಂದು ನಮ್ಮಂತೆಯೇ ಉಸಿರು ಬಿಡುತ್ತವೆ. ಆ ಉಸಿರಿನ ಇಂಗಾಲವನ್ನು ಪೈರಿನ ಎಲೆ ಮತ್ತೆ ಹೀರಿಕೊಳ್ಳುತ್ತದೆ. ಎಷ್ಟು ದಿನಕ್ಕೆ ಎಷ್ಟು ತಿನ್ನುತ್ತವೆಂದು ನೋಡಬೇಕಿತ್ತು. ಹನುಮಣ್ಣನವರು ಒಪ್ಪಲಾರರೆಂದು ಹೆದರಿ, ಅವರಲ್ಲಿ ಕೂಲಿಗೆ ಬರುವ ಮಾರೆವ್ವನ ಕೈಯಿಂದ ಗುಟ್ಟಾಗಿ ಹೂಳಿಸಿದೆ. ಯಾರಿಗೂ ಹೇಳಬಾರದೆಂದು ಹುಲಿಗೆಮ್ಮನ ಮೇಲೆ ಆಣೆಯನ್ನೂ ಹಾಕಿಸಿದೆ. ತಪ್ಪು ನನ್ನದು.

ನಾನು ಪಟ್ಟಿ ಕೊಡುವಾಗ ಅವಳ ಜೊತೆಗಿದ್ದ ತಮ್ಮ ಪಂಪಣ್ಣ ಇಂದು ಬಂದಿದ್ದ.

"ಆಕಿ ಪಟ್ಟಿ ಹೂಳೂದನ್ನ ಯಾರೋ ನೋಡ್ಯಾರ್ರಿ. ಹನುಮಣ್ಣಾರ ಎತ್ತು ಕುಂಟಿದ್ದಕ್ಕ ಅಕ್ಕನ್ನ ಮಾಟಗಾತಿ ಅಂತಾರ್ರಿ. ಬಾವ್ಯಾಗ ಕೊಡ ಇಳಿಸಾಕ ಬಿಡವಲ್ರು. ನಾ ಖರೇ ಹೇಳಿದ್ರ ಯಾರೂ ನಂಬವಲ್ರು. ಆಕಿ ನೋಡಿದ್ರ ಆಣಿ ಅಂತ ಬಾಯಿನ ಬಿಡವಲ್ಲಳು. ನಿಮ್ಮ ಹುಳದಷ್ಟೂ ಬೆಲಿ ಇಲ್ಲೇನ್ರಿ ನಮ್ಮಕ್ಕಗ?"

ಅವನನ್ನು ಕೂರಿಸಿಕೊಂಡೇ ಇದನ್ನು ಬರೆದೆ. ಈ ಕಾಗದವನ್ನು ಅವನ ಕೈಯಲ್ಲೇ ಕೊಟ್ಟು ಕಳಿಸಿದ್ದೇನೆ. ಓದಿ ಮುಗಿದ ಕೂಡಲೇ ಮಾರೆವ್ವನಿಗೆ ನೀರು ಸೇದಲು ಬಿಡಿರಿ.

ನಾಳೆ ಬೆಳಿಗ್ಗೆ ಮೊದಲ ಬಂಡಿಗೆ ಬಂದು, ಅವಳ ಮನೆಬಾಗಿಲಲ್ಲಿ ನಿಂತು ಆಣೆ ಬಿಡಿಸುತ್ತೇನೆ. ಆಮೇಲೆ, ಹನುಮಣ್ಣನವರು ಒಪ್ಪಿದರೆ, ನನ್ನ ರುಮಾಲನ್ನೇ ಹರಿದು ಹಾಡಹಗಲೇ ನಿಮ್ಮೆಲ್ಲರ ಎದುರಿಗೆ ಅದೇ ಗದ್ದೆಯಲ್ಲಿ ನನ್ನ ಕೈಯಾರೆ ಹೂಳುತ್ತೇನೆ.

ತಲೆ ತಗ್ಗಿಸಿದ,
ವೆಂಕೋಬ