ಮಂಗನಿಗೂ ನಮಗೂ ಪಾಲಾದ ಕಥೆ

ಬಾಲ ಉದುರಿದ, ಬುದ್ಧಿ ಚಿಗುರಿದ ಸಕಲ ಸಭಿಕರೇ! ಮುಖ್ಯವಾಗಿ, ತೀರಿಹೋದ ನನ್ನ ಅಣ್ಣ ಕಲ್ಯಾಣಪ್ಪನವರೇ! ಈ ದಿನದ ವರದಿ ಒಪ್ಪಿಸುತ್ತಿದ್ದೇನೆ.

ನಿಜಾಮ ಸರ್ಕಾರದ ಉರ್ದು ಪುಸ್ತಕ ಹಿಡಿದು ಕಲಬುರ್ಗಿಯ ಹೈಸ್ಕೂಲಿನಲ್ಲಿ ಕನ್ನಡದಲ್ಲೇ ಜೀವವಿಕಾಸ ಕಲಿಸುತ್ತಿದ್ದೇನೆ. ನಿನ್ನ ಮಗ ಶಿವಶರಣನೂ ಅದೇ ತರಗತಿಯಲ್ಲಿದ್ದಾನೆ. ಸುದ್ದಿ ನಿಮ್ಮೂರು ಕಮಲಾಪುರ ಮುಟ್ಟಿ, ಅವನನ್ನು ಶಾಲೆ ಬಿಡಿಸಿ ಕರೆದೊಯ್ಯಲು ಇಂದು ನಿನ್ನ ಹೆಂಡತಿ, ನಮ್ಮ ವೈನಿ, ಬಂಡಿ ಕಟ್ಟಿಸಿಕೊಂಡು ಬಂದರು.

“ಏನ್ರೀ ಮಾಸ್ತರ, ನನ್ನ ಮಗಗ ಮಂಗ್ಯಾನ ಮಗ ಅಂತ ಕಲಸಾಕತ್ತೀರಂತ?”

“ಮಂಗ್ಯಾ ಅಪ್ಪ ಅಲ್ರೀ ವೈನಿ, ದಾಯಾದಿ. ಒಬ್ಬ ಮುತ್ತ್ಯಾನ ಕುಲದವ್ರು, ಪಾಲಾಗಿ ಭಾಳ ಕಾಲ ಆತು.”

“ಪಾಲಾದ ಮ್ಯಾಲ ಅಣ್ಣನ ಮಣ್ಣಿಗೂ ಬರ್ಲಿಲ್ಲ ನೀವು. ಮಂಗ್ಯಾನ ಸಂಬಂಧ ಮಾತ್ರ ಗಟ್ಟಿ ಹಿಡದೀರಿ!”

ನಾನು ತರಗತಿಯ ಬಾಗಿಲಿಗೆ ಅಡ್ಡ ನಿಂತೆ. ಪಾಠ ನಿಲ್ಲಿಸುವುದಿಲ್ಲ, ಹುಡುಗನನ್ನೂ ಕಳಿಸುವುದಿಲ್ಲ, ಪರೀಕ್ಷೆ ಮುಗಿಯುವವರೆಗೆ ಅವನು ನಮ್ಮ ಮನೆಯಲ್ಲೇ ಉಂಡು ಓದಲಿ ಎಂದೆ. ಕೊನೆಗೆ ವೈನಿ ಒಬ್ಬರೇ ಬಂಡಿ ಹತ್ತಿದರು.

ಗಣಿತದ ಮಕ್ಬೂಲ್ ಮಾಸ್ತರರು ಬೆನ್ನು ತಟ್ಟಿ, “ವಿಜ್ಞಾನಕ್ಕಾಗಿ ಎಂಥಾ ಹಟಾರೀ ನಿಮ್ಮದು!” ಎಂದರು.

ಸುಳ್ಳು, ಅಣ್ಣಾ. ಹುಡುಗನಿಗೆ ನಿನ್ನದೇ ಹುಬ್ಬು, ನಿನ್ನದೇ ನಗು. ಅವನೂ ಹೋದರೆ ನಿನ್ನ ಮುಖವನ್ನು ನಾನು ಎಲ್ಲಿ ನೋಡಲಿ?